ನೆಟೆ ರೋಗಕ್ಕೆ ಬೇರಿನ ಕಾವಲು: ತೊಗರಿ ಬಿತ್ತೋ ಮುಂಚೆ ಕೇಳಿ

ನೀವು ಬೀದರ್ ಸಿಟಿಯಲ್ಲಿ ರೂಮ್ ಮಾಡಿಕೊಂಡು ಓದ್ತಾ ಇರಬಹುದು. ಆದ್ರೆ ಭಾಲ್ಕಿ, ಔರಾದ್ ಕಡೆ ಮನೆಯವರ ತೊಗರಿ ಹೊಲ ಇದ್ರೆ ನೆಟೆ ರೋಗದ ಹೆಸರು ಕೇಳಿಯೇ ಇರ್ತೀರಿ. ಹೂವು ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತೆ. 2022-23ರ ಹಂಗಾಮಿನಲ್ಲಿ ಕಲ್ಯಾಣ ಕರ್ನಾಟಕದ ತೊಗರಿ ಹೀಗೇ ಹೋಯಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಒಂದು ಹಂಗಾಮಿನ ದುಡಿಮೆಗೆ ಅದು ಎಷ್ಟು ಸಾಲುತ್ತೆ, ನೀವೇ ಲೆಕ್ಕ ಹಾಕಿ.

ರೋಗ ತರೋದು ಫ್ಯುಸೇರಿಯಂ ಉಡಂ ಅನ್ನೋ ಶಿಲೀಂಧ್ರ. ಅದು ಬೇರಿನಿಂದ ಒಳಹೊಕ್ಕು ನೀರು ಏರುವ ನಾಳ ಕಟ್ಟಿಬಿಡುತ್ತೆ. ಕಾಂಡ ಸೀಳಿದ್ರೆ ಕಂದು ಗೆರೆ ಕಾಣುತ್ತೆ. ಆಮೇಲೆ ಎಲೆ ಮೇಲೆ ಏನು ಹೊಡೆದರೂ ಗಿಡ ಉಳಿಯಲ್ಲ. ಹಳೇ ಕೂಳೆಯಲ್ಲಿ ಈ ಶಿಲೀಂಧ್ರ ಸುಮಾರು 3 ವರ್ಷ ಬದುಕಿರುತ್ತೆ.

ಹಾಗಾಗಿ ಕಾವಲು ಮೊದಲೇ ಕೂರಬೇಕು. ಆ ಕಾವಲುಗಾರ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಮಣ್ಣಲ್ಲೇ ಇರೋ ಬ್ಯಾಕ್ಟೀರಿಯಾ. ನೇರಳಾತೀತ ಬೆಳಕಿನಲ್ಲಿ ಹಸಿರು-ಹಳದಿಯಾಗಿ ಹೊಳೆಯುತ್ತೆ, ಅದಕ್ಕೇ ಆ ಹೆಸರು. ಮಜಾ ಏನಂದ್ರೆ, ಹೊಳೆಯೋ ಆ ವಸ್ತುವೇ ಅದರ ಆಯುಧ. ಮಣ್ಣಿನ ಕಬ್ಬಿಣವನ್ನ ಅದು ಮೊದಲೇ ಹಿಡಿದುಕೊಳ್ಳುತ್ತೆ, ಶಿಲೀಂಧ್ರಕ್ಕೆ ಸಿಗಲ್ಲ. ನಮ್ಮ ಎರೆಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಕರಗಿದ ಕಬ್ಬಿಣ ಮೊದಲೇ ಕಮ್ಮಿ. ಜೊತೆಗೆ ಈ ಬ್ಯಾಕ್ಟೀರಿಯಾ ಶಿಲೀಂಧ್ರ ತಡೆಯೋ ರಾಸಾಯನಿಕ ಬಿಡುತ್ತೆ, ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಬ್ಬಿಸುತ್ತೆ.

ಬಳಸೋದು ಸುಲಭ. 1 ಕೆಜಿ ಬೀಜಕ್ಕೆ 10 ಗ್ರಾಂ ಪುಡಿ. ಎಕರೆಗೆ 5 ಕೆಜಿ ಬೀಜ ಅಂದ್ರೆ 50 ಗ್ರಾಂ. ತಣ್ಣಗಿನ ಗಂಜಿ ಅಥವಾ ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಬಿಸಿಲಿಗೆ ಹಾಕಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ.

ಇಲ್ಲೇ ನಿಮ್ಮ ಕೆಲಸ ಇರೋದು. ಇದು ಜೀವ ಇರೋ ಪುಡಿ. ಪ್ಯಾಕೆಟ್ ಮೇಲಿನ ತಾರೀಖು ನೋಡಿ; ಅವಧಿ ಮುಗಿದಿದ್ರೆ ಅಥವಾ ಬಿಸಿಲಲ್ಲಿ ಇಟ್ಟಿದ್ರೆ ತಗೋಬೇಡಿ. ಬೀಜಕ್ಕೆ ಬಣ್ಣದ ಔಷಧಿ ಮೊದಲೇ ಹಚ್ಚಿದ್ರೆ, ಅದರ ಜೊತೆ ಇದು ಹೊಂದುತ್ತಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಒಂದು ಮಾತು ನೇರವಾಗಿ ಹೇಳ್ತೀನಿ: ಇದು ಒಂಟಿಯಾಗಿ ಗೆಲ್ಲಲ್ಲ. ರೋಗ ತಡೆಯೋ ತಳಿ ಬೇಕು, ಹೋದ ವರ್ಷ ನೆಟೆ ಬಿದ್ದ ಹೊಲದಲ್ಲಿ ಜೋಳದಂಥ ಬೆಳೆಗೆ ಬದಲಾಯಿಸಬೇಕು.

ಮುಂಗಾರಿ ಬಿತ್ತನೆಗೆ ಮುಂಚೆ ಮನೆಗೆ ಫೋನ್ ಮಾಡಿದಾಗ, ‘ಅಪ್ಪಾ, ಬೀಜೋಪಚಾರ ಆಯ್ತಾ?’ ಅಂತ ಕೇಳಿ. ಆಗಿಲ್ಲ ಅಂದ್ರೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.