ಸಾಲದ ಲೆಕ್ಕ, ನೆಲದ ಲೆಕ್ಕ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಎಂಟು ವರ್ಷ ಮಾಡಿದ್ದು ಗೃಹಸಾಲದ ತಂತ್ರಾಂಶ ಬರೆಯುವ ಕೆಲಸ. 30 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 27 ಸಾವಿರ. ಮೊದಲ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಕೊನೆಗೆ ಕಟ್ಟಿರುವುದು ಸುಮಾರು 65 ಲಕ್ಷ. ನಮ್ಮ ಗಣಿತದ ಮೇಷ್ಟ್ರು ಕಲಿಸಿದ ಬಡ್ಡಿ ಲೆಕ್ಕವೇ ಇದು.

ಸಾಲದ ಲೆಕ್ಕ ಬಲ್ಲವನಿಗೆ ನೆಲದ ವ್ಯವಹಾರವೂ ಬರುತ್ತದೆ ಎಂದುಕೊಂಡೆ. ಕೆಲಸ ಬಿಟ್ಟು ಸೈಟು ಕೊಂಡು ಮಾರೋಣವೆಂದು 2 ಲಕ್ಷ ಮುಂಗಡ ಕೊಟ್ಟೆ. ಊರಿಗೆ ಬಂದು ಅಪ್ಪನಿಗೆ ಬಡಾವಣೆಯ ನಕ್ಷೆ ತೋರಿಸಿದೆ. ನಾಲ್ಕನೇ ಕ್ಲಾಸು ಓದಿದ ಅಪ್ಪ ಕೇಳಿದ್ದು ಒಂದೇ ಮಾತು: "ಪಹಣಿ ನೋಡಿದ್ಯೇನೋ?" ನೋಡಿರಲಿಲ್ಲ. ತೆಗೆಸಿದರೆ ಅದಿನ್ನೂ ಕೃಷಿ ಜಮೀನು. ಭೂಪರಿವರ್ತನೆ ಆಗಿರಲಿಲ್ಲ. 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲ ಬೇರೆ. ಮುಂಗಡ ವಾಪಸು ಬರಲಿಲ್ಲ. ಅದು ತಂಗಿಯ ಮದುವೆಗೆ ಕೂಡಿಟ್ಟ ಹಣ. ಮದುವೆ ಒಂದು ವರ್ಷ ಮುಂದೆ ಹೋಯಿತು. ಅಪ್ಪ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

ಕೆಲಸ ಬಿಡುವ ಯೋಚನೆ ಬಿಟ್ಟು, ಕಾಗದಪತ್ರ ಓದುವುದನ್ನು ಕಲಿತೆ. ಮೂಲಪತ್ರ, ಇ.ಸಿ., ಖಾತೆ, ಭೂಪರಿವರ್ತನೆ ಆದೇಶ ಎಲ್ಲವನ್ನೂ ವಕೀಲರಿಗೆ ತೋರಿಸಬೇಕು. 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರ್ ಮೀರಿದ ಹೊಸ ಬಡಾವಣೆಯನ್ನು ನೋಂದಾಯಿಸದೆ ಸೈಟು ಮಾರುವಂತಿಲ್ಲ; ನೋಂದಣಿ ಸಂಖ್ಯೆಯನ್ನು ಮೊಬೈಲಿನಲ್ಲೇ ನೋಡಬಹುದು. ನಾನು ಅದನ್ನೂ ನೋಡಿರಲಿಲ್ಲ.

ಆಮೇಲೆ ಸಾಲ ಮಾಡಿ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ಬರುವ ಬಾಡಿಗೆ ಕಂತಿನ ಅರ್ಧಕ್ಕೂ ಸಾಲದು. ಉಳಿದದ್ದನ್ನು ಸಂಬಳದಿಂದ ತುಂಬುತ್ತೇನೆ. ಅಂದು ಕೆಲಸ ಬಿಟ್ಟಿದ್ದರೆ ಈ ಮನೆಯೂ ಉಳಿಯುತ್ತಿರಲಿಲ್ಲ. ಆದ್ದರಿಂದ ಈಗಲೂ ನಾನು ಎಂಜಿನಿಯರೇ.

ತಂಗಿಯೂ ಇದೇ ಶಾಲೆಯವಳು. ಇವತ್ತು ಎದುರಿಗೇ ಕೂತಿದ್ದಾಳೆ. ಅವಳ ಮುಂದೆ ಇದನ್ನು ಒಪ್ಪಿಕೊಳ್ಳಬೇಕಿತ್ತು.

ಮಕ್ಕಳೇ, ಇವತ್ತು ಮನೆಗೆ ಹೋಗಿ ಹೊಲದ ಪಹಣಿಯನ್ನೋ ಮನೆಯ ಪತ್ರವನ್ನೋ ತೋರಿಸಿ ಎಂದು ಕೇಳಿ. ಒಂದೊಂದು ಸಾಲೂ ಓದಿ. ಅರ್ಥವಾಗದಿದ್ದರೆ ಹಿರಿಯರನ್ನು ಕೇಳಿ. ನಾನು ಕೇಳಿದ್ದು ತಡವಾಯಿತು.