ಶಾಲೆಯ ಮಕ್ಕಳೂ ಹೊಟ್ಟೆಯ ಹುಳುವೂ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಸುಕಿನಲ್ಲೇ ಎದ್ದು ನೀವು ಮೂಲಂಗಿ, ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪನ್ನು ಬೆಂಗಳೂರಿಗೆ ಸಾಗಿಸುತ್ತೀರಿ. ಬಸವನಗುಡಿಯ ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಅದನ್ನು ಕೊಂಡವರು ಕೋಸಂಬರಿ ಮಾಡಿ ಮಕ್ಕಳಿಗೆ ಹಸಿಯಾಗಿಯೇ ಬಡಿಸುತ್ತಾರೆ. ಅದಕ್ಕೆ ಅಂಟಿದ ಮಣ್ಣಿನಲ್ಲಿ ಹುಳುವಿನ ಮೊಟ್ಟೆಯಿದ್ದರೆ ಗತಿಯೇನು? ಆದರೆ ಮೊದಲ ಪೆಟ್ಟು ಬೀಳುವುದು ಅದೇ ಹೊಲದಲ್ಲಿ ಬರಿಗಾಲಲ್ಲಿ ಆಡುವ ನಿಮ್ಮ ಮಗುವಿಗೇ.

ಹೊಟ್ಟೆ ಗುಡಾಣದಂತೆ, ಕೈಕಾಲು ಕಡ್ಡಿಯಂತೆ, ಮುಖ ಬಿಳಿಚಿಕೊಂಡ ಮಗುವನ್ನು ನೀವು ನೋಡಿಲ್ಲವೆ? ಪಾಠದ ಹೊತ್ತಿಗೆ ಅದು ತೂಕಡಿಸುತ್ತದೆ. ನಾವು ಸೋಮಾರಿ ಎಂದು ಗದರುತ್ತೇವೆ. ಬೆಲ್ಲ ತಿಂದು ಹುಳುವಾಯಿತು ಎನ್ನುತ್ತೇವೆ. ತಪ್ಪು ಬೆಲ್ಲದ್ದಲ್ಲ, ಬಯಲಿನದು.

ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಯಿಡಬಲ್ಲದು. ಅವು ಮಲದೊಡನೆ ಮಣ್ಣಿಗೆ ಸೇರಿ, ಕೆಲವು ವಾರಗಳಲ್ಲಿ ಬಲಿತು, ಕೊಳೆಯಾದ ಕೈಯಿಂದಲೂ ತೊಳೆಯದ ತರಕಾರಿಯಿಂದಲೂ ಬಾಯಿಗೆ ಹೋಗುತ್ತವೆ. ಕೊಕ್ಕೆಹುಳುವಿನ ಮರಿಯಂತೂ ಅಂಗಾಲಿನ ಚರ್ಮವನ್ನೇ ತೂರಿ ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ.

ಇದು ಹಳೆಯ ಶತ್ರು. 1920ರ ದಶಕದ ಕೊನೆಯಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕೊಕ್ಕೆಹುಳುವಿನ ವಿರುದ್ಧ ಕೆಲಸ ಹೂಡಿತ್ತು.

ಈಗ ಔಷಧಿ ಸುಲಭ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. 400 ಮಿಲಿಗ್ರಾಮಿನ ಒಂದು ಮಾತ್ರೆ. 2 ವರ್ಷದೊಳಗಿನ ಕೂಸಿಗೆ ಅರ್ಧ, ಪುಡಿಮಾಡಿ. ದೊಡ್ಡ ಮಕ್ಕಳು ಅಗಿದು ನುಂಗಬೇಕು. ಹುಳು ಹೆಚ್ಚಿದ್ದರೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಬೇಗ ಇಳಿಯುತ್ತದೆ. ಆ ದಿನ ಜ್ವರವಿದ್ದ ಮಗುವಿಗೆ ಗುಣವಾದ ಮೇಲೆ ಕೊಡಿಸಿ.

ಆದರೆ ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮಣ್ಣಿನ ಮೊಟ್ಟೆಯನ್ನಲ್ಲ. ಕಳೆಯ ತಲೆ ಕೊಯ್ದು ಬೇರು ಬಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ?

ಆದ್ದರಿಂದ ಮನೆಯವರೆಲ್ಲರೂ ಕಕ್ಕಸನ್ನೇ ಬಳಸಿ. ಮಕ್ಕಳ ಕಾಲಿಗೆ ಚಪ್ಪಲಿ ಹಾಕಿಸಿ. ಊಟಕ್ಕೆ ಮೊದಲು, ಕಕ್ಕಸಿಗೆ ಹೋಗಿ ಬಂದ ಮೇಲೆ ಸಾಬೂನಿನಿಂದ ಕೈ ತೊಳೆಸಿ, ಉಗುರು ಕತ್ತರಿಸಿ. ತರಕಾರಿ ಮಡಿಗೆ ಮೋರಿಯ ನೀರು ಬಿಡಬೇಡಿ. ಕೊಯ್ದ ಸೊಪ್ಪನ್ನು ಶುದ್ಧ ನೀರಿನಲ್ಲೇ ತೊಳೆಯಿರಿ.

ನಿಮ್ಮ ಹೊಲ ಶುದ್ಧವಾದರೆ ನಿಮ್ಮ ಮಗುವೂ ಉಳಿಯಿತು, ಪೇಟೆಯ ಮಗುವೂ ಉಳಿಯಿತು.