ಊರಿಗೊಂದು ಅಂಕೆ

ಊರಿಗೆ ಹೆಸರು ಬರುವುದು ಜನರ ಬಾಯಿಂದ. ಅಂಕೆ ಬರುವುದು ಸರ್ಕಾರದ ಕಡತದಿಂದ. ಹೆಸರಿನ ಹಿಂದೆ ಸ್ಥಳಪುರಾಣವನ್ನು ಹುಡುಕುವ ನಾವು ಅಂಕೆಯ ಹಿಂದೆ ಏನನ್ನೂ ಹುಡುಕುವುದಿಲ್ಲ. ಆದರೆ ದೂರವಾಣಿಯ ಎಸ್‌ಟಿಡಿ ಕೋಡುಗಳನ್ನು ನಿಧಾನವಾಗಿ ಓದಿದರೆ ಅಲ್ಲಿಯೂ ಒಂದು ಚರಿತ್ರೆ ಇದೆಯೆಂದು ನನಗೆ ತೋರುತ್ತದೆ.

ಹಿಂದೆ ಪರಊರಿನವರೊಡನೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆಗ ಎಕ್ಸ್‌ಚೇಂಜಿನ ಆಪರೇಟರಿಗೆ ಊರಿನ ಹೆಸರು ಹೇಳಿದರೆ ಸಾಕಾಗುತ್ತಿತ್ತು. 1960ರಲ್ಲಿ ಕಾನ್ಪುರ ಮತ್ತು ಲಖನೌಗಳ ನಡುವೆ ದೇಶದ ಮೊದಲ ನೇರ ಟ್ರಂಕ್ ಡಯಲಿಂಗ್ ಆರಂಭವಾದಾಗ ಆಪರೇಟರ ಸ್ಥಾನಕ್ಕೆ ಯಂತ್ರ ಬಂದಿತು. ಯಂತ್ರಕ್ಕೆ ಹೆಸರು ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಈ ಸೌಲಭ್ಯ ಹಬ್ಬಿದಂತೆಲ್ಲ ಊರೂರಿಗೂ ಒಂದೊಂದು ಅಂಕೆ ಬೇಕಾಯಿತು.

ಈ ಅಂಕೆಗಳಲ್ಲಿ ಒಂದು ಕ್ರಮವಿದೆ. ಬೆಂಗಳೂರಿನದು 080, ಬೆಳಗಾವಿಯದು 0831, ಗೋಕಾಕದ್ದು 08332, ಹುಕ್ಕೇರಿಯದು 08333, ಮೂಡಲಗಿಯದು 08334. ಊರು ಚಿಕ್ಕದಾದಂತೆ ಅಂಕೆ ಉದ್ದವಾಗುತ್ತದೆ. ಇದಕ್ಕೆ ಕಾರಣ ಸರಳ. ಮೊದಲ ಸೊನ್ನೆಯನ್ನು ಬಿಟ್ಟರೆ, ಊರಿನ ಕೋಡು ಮತ್ತು ಮನೆಯ ಸಂಖ್ಯೆ ಸೇರಿ ಹತ್ತು ಅಂಕೆಗಳಾಗಬೇಕು. ಬೆಂಗಳೂರಿನ ಮನೆಗಳಿಗೆ ಎಂಟು ಅಂಕೆ ಬೇಕು, ಬೆಳಗಾವಿಗೆ ಏಳು. ಗೋಕಾಕಕ್ಕೆ ಆರು ಸಾಕು. ಬೆಂಗಳೂರಿನ ಕೋಡು ಕೂಡ ಒಂದು ಕಾಲಕ್ಕೆ 0812 ಆಗಿತ್ತು; ನಗರ ಬೆಳೆದಂತೆ ಅದು ಕುಗ್ಗಿತು. ಹತ್ತು ಅಂಕೆಗಳ ಈ ಪಂಕ್ತಿಯಲ್ಲಿ ಮಾತ್ರ ಮಹಾನಗರಕ್ಕೂ ಮೂಡಲಗಿಗೂ ಸಮಪಾಲು.

ಮೂಡಲಗಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಸಾಮಾನ್ಯವಾಗಿ ಒಂದು ತಾಲೂಕಿಗೆ ಒಂದು ಕೋಡು. ಕಂದಾಯದ ದಾಖಲೆಯಲ್ಲಿ ಮೂಡಲಗಿ ಬಹುಕಾಲ ಗೋಕಾಕ ತಾಲೂಕಿನ ಊರು. ಹೊಸ ತಾಲೂಕುಗಳ ಪಟ್ಟಿಯಿಂದ ತಮ್ಮ ಊರು ಬಿಟ್ಟುಹೋದಾಗ 2017ರಲ್ಲಿ ಅಲ್ಲಿನ ಜನ ಬೀದಿಗಿಳಿದು ಹೋರಾಡಿದರು. ಅನಂತರವೇ ಅದು ತಾಲೂಕಾಯಿತು. ಆದರೆ ದೂರವಾಣಿ ಇಲಾಖೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಮೂಡಲಗಿಗೆ ಸ್ವಂತ ಅಂಕೆ ಕೊಟ್ಟಿತ್ತು. ಕರೆಯ ದರದ ಲೆಕ್ಕಕ್ಕಾಗಿ ಎಳೆದ ಗೆರೆ ಅದು. ಯಾರನ್ನೂ ಗೌರವಿಸುವ ಉದ್ದೇಶ ಅದಕ್ಕಿರಲಿಲ್ಲ. ಆದರೂ ಒಂದು ಕಚೇರಿ ಗೋಕಾಕದೊಳಗೆ ಅಡಗಿಸಿದ್ದ ಊರನ್ನು ಇನ್ನೊಂದು ಕಚೇರಿ ಗೋಕಾಕದ ಸಾಲಿನಲ್ಲಿಯೇ ಕೂರಿಸಿತ್ತು. ತಾಲೂಕು ಕಚೇರಿಯ ಕೆಲಸಕ್ಕೆ ಗೋಕಾಕದ ಬಸ್ಸು ಹತ್ತುತ್ತಿದ್ದವರು ಅಂಗಡಿಯ ಫಲಕದ ಮೇಲೆ ಬರೆಸಬಹುದಾಗಿದ್ದ ಕೋಡು ಮಾತ್ರ ತಮ್ಮೂರಿನದೇ ಆಗಿತ್ತು.

ಈಗ ಕೈಯಲ್ಲಿ ಮೊಬೈಲ್ ಇದೆ. ಹತ್ತು ಅಂಕೆಗಳು ಉಳಿದಿವೆ. ಅವುಗಳೊಳಗಿನ ಊರು ಉದುರಿದೆ. ಮೊದಲು ಸಂಖ್ಯೆಯನ್ನು ಕಂಡರೆ ಊರು ತಿಳಿಯುತ್ತಿತ್ತು, ಈಗ ಕರೆ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ, “ಎಲ್ಲಿ ಅದೀರಿ?” ಸಂಖ್ಯೆ ಹೇಳದುದನ್ನು ಮನುಷ್ಯನೇ ಬಾಯಿಬಿಟ್ಟು ಹೇಳಬೇಕಾಗಿದೆ. ಅಂಕೆಗಳ ಕಾಲ ಬರುವ ಮುಂಚೆ ಆಪರೇಟರಿಗೆ ಹೇಳುತ್ತಿದ್ದುದೂ ಅದನ್ನೇ ಅಲ್ಲವೇ, ಊರಿನ ಹೆಸರನ್ನು!